ಮೈಯ ಮಾತು, ಮದ್ದಿನ ಮಾತು

ಇಬ್ಬರು ಎದುರಾದಾಗ ನಮ್ಮ ಕಡೆ ಮೊದಲು ಹೊರಡುವ ಪ್ರಶ್ನೆ ಆರೋಗ್ಯದ್ದು. 'ಚೆನ್ನಾಗಿದ್ದೀರಾ?', 'ಹುಷಾರಾಗಿದ್ದೀರಾ?', ಸ್ವಲ್ಪ ಹಿರಿಯರಾದರೆ 'ಸೌಖ್ಯವೇ?', 'ಕ್ಷೇಮವೇ?' ಇದಕ್ಕೆ ನಿಜವಾದ ಉತ್ತರ ಬೇಕಿಲ್ಲವೆಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಇಂಗ್ಲಿಷಿನವರ 'ಹೌ ಆರ್ ಯೂ'ಗೂ ಇದೇ ಗತಿ. ಆದರೆ ಎಂದೋ ಒಂದು ದಿನ ಉತ್ತರ 'ಇಲ್ಲ' ಎಂದು ಬಂದಾಗ ಮಾತು ಬೇರೆ ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಕನ್ನಡ ಎಷ್ಟು ದೂರ ನಡೆಯುತ್ತದೆ, ಯಾವ ತಿರುವಿನಲ್ಲಿ ತನ್ನ ಹೊರೆಯನ್ನು ಇಂಗ್ಲಿಷಿನ ತಲೆಗೆ ದಾಟಿಸುತ್ತದೆ, ದಾಟಿಸುವಾಗ ಏನೇನು ಕೆಳಗೆ ಬೀಳುತ್ತದೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ನಡುವೆಯೇ ನನ್ನ ವೃತ್ತಿಯ ಬಹುಕಾಲ ಕಳೆಯಿತು. ಬಸ್ಸಿಗೆ ಕಾಯುವಾಗ ಔಷಧದ ಅಂಗಡಿಯ ಮುಂದಿನ ಮಾತು ಕಿವಿಗೆ ಬೀಳುತ್ತಿತ್ತು. ಮಾತಿನ ಮೇಲೆ ಕಣ್ಣಿಟ್ಟವನಿಗೆ ಅದಕ್ಕಿಂತ ಒಳ್ಳೆಯ ಗ್ರಂಥಾಲಯವಿಲ್ಲ.

ಮೊದಲು 'ಹುಷಾರು' ಎಂಬ ಪದವನ್ನೇ ನೋಡೋಣ. ಇದು ಪಾರಸಿಯಿಂದ ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದದ್ದು. ಅಲ್ಲಿ ಅದರ ಅರ್ಥ ಎಚ್ಚರ. 'ಹುಷಾರಾಗಿ ರಸ್ತೆ ದಾಟು' ಎನ್ನುವಾಗ ಆ ಅರ್ಥ ಇನ್ನೂ ಉಳಿದಿದೆ. 'ಮೈಗೆ ಹುಷಾರಿಲ್ಲ' ಎಂದರೆ, ಹಾಗಾದರೆ, ಮೈ ಎಚ್ಚರ ತಪ್ಪಿದೆ, ಮಂಕಾಗಿದೆ ಎಂದಾಯಿತು. ರಾಮನಗರದ ರೀಲರುಗಳಲ್ಲಿ ಅನೇಕರ ಮನೆಮಾತು ಉರ್ದು. ಅವರು ಪರಸ್ಪರ ಕೇಳಿಕೊಳ್ಳುವುದು 'ತಬಿಯತ್' ಹೇಗಿದೆಯೆಂದು. ಅದರ ಮೂಲಾರ್ಥ ಸ್ವಭಾವ, ಪ್ರಕೃತಿ. ಸಂಸ್ಕೃತದ 'ಆರೋಗ್ಯ' ರೋಗವಿಲ್ಲದಿರುವಿಕೆಯನ್ನಷ್ಟೇ ಹೇಳುತ್ತದೆ. ಇಂಗ್ಲಿಷಿನ 'ಹೆಲ್ತ್' ಎಂಬುದು 'ಹೋಲ್' ಎಂಬುದರ ಬಳಗದ್ದು. ಇಡಿಯಾಗಿರುವುದು ಎಂದು ಅದರ ಬೇರಿನ ಅರ್ಥ. ಒಂದೇ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈ ನಾಲ್ಕು ಪದಗಳನ್ನೂ ಒಂದೇ ಬೆಳಿಗ್ಗೆ ಕೇಳಬಹುದು.

ಪದಕ್ಕಿಂತ ಆಳದಲ್ಲಿರುವುದು ವಾಕ್ಯದ ಕಟ್ಟು. ಇಂಗ್ಲಿಷಿನವನು ನೆಗಡಿಯನ್ನು ತಾನೇ ಹೋಗಿ ಹಿಡಿದುಕೊಳ್ಳುತ್ತಾನೆ. ಜ್ವರವನ್ನು ಆಸ್ತಿಯಂತೆ ಇಟ್ಟುಕೊಂಡಿರುತ್ತಾನೆ. ಅವನ ವಾಕ್ಯದಲ್ಲಿ ಕರ್ತೃ ಅವನೇ. ಕನ್ನಡದಲ್ಲಿ ಕಾಯಿಲೆಯೇ ಕರ್ತೃ. 'ನನಗೆ ಜ್ವರ ಬಂದಿದೆ' ಎನ್ನುತ್ತೇವೆ. ನೆಂಟರು ಬಂದಂತೆ ಅದು ಬರುತ್ತದೆ, ಎರಡು ದಿನವಿರುತ್ತದೆ, ಆಮೇಲೆ 'ಬಿಡುತ್ತದೆ'. ಸಿಡುಬು ಬಂದಾಗಲಂತೂ ಬಂದವಳು ಸಾಕ್ಷಾತ್ ಅಮ್ಮ. ಅವಳನ್ನು ಬೇವಿನ ಸೊಪ್ಪು ಕಟ್ಟಿ ಬರಮಾಡಿಕೊಂಡು, ತಂಪು ಮಾಡಿ ಕಳುಹಿಸಿಕೊಡಬೇಕು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ದೊಡ್ಡಮ್ಮ ಹೋದಳು. ಮಕ್ಕಳಿಗೆ ಸೀತಾಳೆ ಆದಾಗ 'ಅಮ್ಮ ಬಂದಿದ್ದಾಳೆ' ಎಂಬ ಮಾತು ಮಾತ್ರ ನಮ್ಮ ಹಳ್ಳಿಗಳಲ್ಲಿ ನಿಂತಿತು. ಈ ಕಟ್ಟು ಎಷ್ಟು ಗಟ್ಟಿಯೆಂದರೆ ಇಂಗ್ಲಿಷಿನ ಪದಗಳೂ ಇದಕ್ಕೆ ತಲೆಬಾಗಿ ಒಳಗೆ ಬಂದಿವೆ. 'ಶುಗರ್ ಬಂತು', 'ಬಿ.ಪಿ. ಬಂತು'. 2020ರಲ್ಲಿ ಊರೂರೂ 'ಪಾಸಿಟಿವ್ ಬಂತು' ಎಂದು ನಡುಗಿತು. ಒಳ್ಳೆಯದೆಂದು ಶಾಲೆಯಲ್ಲಿ ಕಲಿತಿದ್ದ ಪದ ಬಾಗಿಲಿಗೆ ಪಟ್ಟಿ ಕಟ್ಟಿಸುವ ಪದವಾಯಿತು.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಆರೋಗ್ಯದ ವಿಷಯದಲ್ಲಿ ಇಂಗ್ಲಿಷಿಗೂ ಅದರದೇ ಆದ ಮನೆಮಾತಿನ ಸೊಗಸಿದೆ. ಮೈ ಸರಿಯಿಲ್ಲದವನು ತಾನು ಹವೆಯ ಅಡಿಯಲ್ಲಿದ್ದೇನೆ, 'ಅಂಡರ್ ದ ವೆದರ್' ಎನ್ನುತ್ತಾನೆ; ಗಟ್ಟಿಮುಟ್ಟಾಗಿದ್ದವನು ಪಿಟೀಲಿನಷ್ಟು ಚೆನ್ನಾಗಿದ್ದಾನೆ, 'ಫಿಟ್ ಆಸ್ ಎ ಫಿಡಲ್'. (ನಮ್ಮ ಕಚೇರಿಗಳಲ್ಲಿ ಪಿಟೀಲಿನ ಕಿವಿ ಹಿಂಡುವುದರಲ್ಲೇ ಅರ್ಧ ಗಳಿಗೆ ಕಳೆಯುವುದನ್ನು ಕಂಡವರಿಗೆ ಈ ಹೋಲಿಕೆ ಅಷ್ಟು ನಂಬಿಕೆ ಹುಟ್ಟಿಸದು.) ನಮ್ಮ ಮಕ್ಕಳು ಇವನ್ನು ವ್ಯಾಕರಣದ ಪುಸ್ತಕದಿಂದ ಬಾಯಿಪಾಠ ಮಾಡಿದರು; ಮಾಗಡಿಯ ಬಸ್ಸಿನಲ್ಲಿ ಯಾರೂ ಆಡಲಿಲ್ಲ. ಇಂಗ್ಲಿಷಿನ ಜಗಲಿಯ ಮಾತು ನಮಗೆ ಬರಲಿಲ್ಲ. ಬಂದದ್ದು ಅದರ ಔಷಧದ ಚೀಟಿಯ ಮಾತು. ಗ್ಯಾಸ್ಟ್ರಿಕ್, ಬಿ.ಪಿ., ಶುಗರ್, ವೀಕ್ನೆಸ್, ಲೂಸ್ ಮೋಷನ್, ಇನ್‌ಫೆಕ್ಷನ್: ಎಲ್ಲವೂ ಹೆಸರುಗಳು. ಹೆಸರು ಬಂದು ಕುಳಿತ ಕಡೆ ಕ್ರಿಯಾಪದ ಎದ್ದು ಹೋಗುತ್ತದೆ. ನನ್ನ ಆತಂಕ ಇರುವುದು ಅಲ್ಲಿ.

ಕನ್ನಡದ ನೋವಿನ ಕ್ರಿಯಾಪದಗಳನ್ನು ಒಮ್ಮೆ ಎಣಿಸಿ ನೋಡಿ. ತಲೆ ಸಿಡಿಯುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ, ಗಂಟಲು ಕೆರೆಯುತ್ತದೆ ಅಥವಾ ಕಟ್ಟುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಕಾಲು ಸೆಳೆಯುತ್ತದೆ, ಜೋಮು ಹಿಡಿಯುತ್ತದೆ, ಮರಗಟ್ಟುತ್ತದೆ. ಹೊಟ್ಟೆಯೊಂದಕ್ಕೇ ಎಷ್ಟು ಬಗೆ! ನೋಯುತ್ತದೆ, ನುಲಿಯುತ್ತದೆ, ಹಿಂಡುತ್ತದೆ, ತೊಳಸುತ್ತದೆ, ಉಬ್ಬರಿಸುತ್ತದೆ, ಉರಿಯುತ್ತದೆ, ಗುಡುಗುಡಿಸುತ್ತದೆ. ಇವು ಅಲಂಕಾರಗಳಲ್ಲ. ಬಂದು ಬಂದು ಹೋಗುವ ಕರುಳಿನ ನೋವು ನುಲಿಯುತ್ತದೆ; ಹುಳಿ ಮೇಲೆ ಬಂದಾಗ ಉರಿಯುತ್ತದೆ; ವಾಂತಿಗೆ ಮೊದಲು ತೊಳಸುತ್ತದೆ. ಕಿವಿಗೊಟ್ಟ ವೈದ್ಯನಿಗೆ ಒಂದೊಂದು ಕ್ರಿಯಾಪದವೂ ಅರ್ಧ ಪರೀಕ್ಷೆಯಿದ್ದಂತೆ.

ನಮ್ಮ ಸೀಮೆಯ ಜನ ಕಾಯಿಲೆಯನ್ನು ಕಣ್ಣಿಟ್ಟು ನೋಡಿ ಹೆಸರಿಡಬಲ್ಲರು ಎಂಬುದಕ್ಕೆ ಹುಳು ಸಾಕುವ ಮನೆಗಿಂತ ಬೇರೆ ಸಾಕ್ಷಿ ಬೇಡ. ಕನಕಪುರ, ರಾಮನಗರದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆಹುಳುವಿನ ರೋಗಗಳನ್ನು ವಿಚಾರಿಸಿದರೆ ನಾಲ್ಕು ಹೆಸರುಗಳು ತಟ್ಟನೆ ಬರುತ್ತವೆ. ಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ರಸ ಸುರಿದರೆ ಹಾಲುತೊಂಡೆ. ಸೊಪ್ಪು ಬಿಟ್ಟು, ಮೈ ಸಡಿಲಾಗಿ ಮೆತ್ತಗಾದರೆ ಸಪ್ಪೆ ರೋಗ. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಡುಸಾದರೆ ಸುಣ್ಣಕಟ್ಟು. ಇನ್ನೊಂದು ಗಂಟು ರೋಗ; ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ ಹಲವು ವರ್ಷ ತಲೆ ಕೆಡಿಸಿಕೊಂಡದ್ದು ಇದರ ಮೇಲೆ. ಪ್ರತಿ ಹೆಸರೂ ನೋಡಿ ಇಟ್ಟದ್ದು. ಇನ್ನೂ ಚೆಲುವಾದ ಮಾತೊಂದಿದೆ. ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮವರು 'ಜ್ವರ' ಎನ್ನುತ್ತಾರೆ. 'ಎರಡನೇ ಜ್ವರಕ್ಕೆ ಕೂತಿವೆ', 'ನಾಲ್ಕನೇ ಜ್ವರ ಎದ್ದವು'. ಇದು ರೋಗವಲ್ಲ, ಬೆಳವಣಿಗೆ. ನಾಲ್ಕು ಜ್ವರ ಏಳದ ಹುಳು ಗೂಡು ಕಟ್ಟಲಾರದು. ಹಸುಗಳ ಚಿಕಿತ್ಸೆಗೆಂದೇ ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ಬರೆದ ನಾಡು ಇದು. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯಕ್ಕೆ ಖಗೇಂದ್ರಮಣಿದರ್ಪಣವನ್ನು ಕೊಟ್ಟ. ಹುಳುವಿಗೆ, ಹಸುವಿಗೆ ಇರುವ ಮಾತು ಮನುಷ್ಯನ ಮೈಗೆ ಬಂದಾಗ ಏಕೆ ಸಂಕೋಚಪಡಬೇಕು?

ಸಂಕೋಚಪಡುತ್ತದೆ ಎಂಬುದಂತೂ ನಿಜ. ಹುಳುವಿನ ಮನೆಯಲ್ಲಿ ಅಷ್ಟು ಖಚಿತವಾಗಿ ಮಾತಾಡಿದ ರೈತನೇ ಪಟ್ಟಣದ ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ಕುಳಿತಾಗ 'ವೀಕ್ನೆಸ್ಸು ಸಾರ್' ಎಂದು ನಿಲ್ಲಿಸಿಬಿಡುತ್ತಾನೆ. ಇಂಗ್ಲಿಷ್ ಪದ ಹೇಳಿದರೆ ಡಾಕ್ಟರಿಗೆ ಬೇಗ ತಿಳಿಯುತ್ತದೆ, ತನ್ನನ್ನು ಹಗುರವಾಗಿ ಕಾಣುವುದಿಲ್ಲ ಎಂಬ ಲೆಕ್ಕ ಅವನದು. ಹೊರಗೆ ನಲವತ್ತು ಜನ ಕಾದಿದ್ದಾರೆ. ಡಾಕ್ಟರಿಗೂ ಪದ ಸಾಕು. 'ವೀಕ್ನೆಸ್'ಗೆ ಮದ್ದು 'ಗ್ಲೂಕೋಸ್ ಹಾಕಿಸುವುದು' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಶೇಕಡಾ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆಯ ಅಂಶ. ಎರಡು ಮೂರು ಲೋಟ ಸಿಹಿ ಕಾಫಿಯಲ್ಲಿ ಅಷ್ಟೇ ಇರುತ್ತದೆ. ಆ ಒಂದು ಪದದ ಹಿಂದೆ ರಕ್ತಹೀನತೆ ಇರಬಹುದು, ಕ್ಷಯವಿರಬಹುದು, ಸಕ್ಕರೆ ಕಾಯಿಲೆಯಿರಬಹುದು, ಯಾರಿಗೂ ಹೇಳಲಾಗದ ದುಃಖವಿರಬಹುದು. ನಮ್ಮಲ್ಲಿ ಸುಸ್ತು ಬೇರೆ, ಆಯಾಸ ಬೇರೆ, ನಿತ್ರಾಣ ಬೇರೆ, ಬೇಸರ ಬೇರೆ. ನಾಲ್ಕೂ ಸೇರಿ ಒಂದು ಬಾಟಲಿಯೊಳಗೆ ಇಳಿದವು.

'ಬಿ.ಪಿ. ಇದೆ' ಎಂಬ ಮಾತನ್ನು ನೋಡಿ. ರಕ್ತದ ಒತ್ತಡ ಇಲ್ಲದವನು ಬದುಕಿಯೇ ಇರಲಾರ. ಹೆಚ್ಚಿದೆಯೆನ್ನುವುದನ್ನು ನಾವು ಇದೆಯೆನ್ನುತ್ತೇವೆ. ಇದು ಅಷ್ಟು ಹಾನಿಯ ಮಾತಲ್ಲ. ಹಾನಿ ಇರುವುದು 'ನನ್ನ ಬಿ.ಪಿ. ಏರಿಸಬೇಡ' ಎಂಬ ಮಾತಿನಲ್ಲಿ. ಬಿ.ಪಿ. ಎಂದರೆ ಸಿಟ್ಟು ಎಂದಾಯಿತು. ಸಿಟ್ಟು ಬಾರದ ದಿನ ಮಾತ್ರೆ ಏಕೆ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಏರಿದ ಒತ್ತಡ ಬಹುಮಟ್ಟಿಗೆ ಯಾವ ಸುಳಿವೂ ಕೊಡದೆ, ನಗುನಗುತ್ತ ಇರುವವನ ಮೈಯಲ್ಲೇ ಮೂತ್ರಪಿಂಡವನ್ನೂ ಮಿದುಳನ್ನೂ ಕೆಡಿಸುತ್ತದೆ. 'ಶುಗರ್' ಕೂಡ ಹಾಗೆಯೇ. ಕನಕಪುರದ ಒಂದು ಮದುವೆಮನೆಯಲ್ಲಿ ಹಿರಿಯರೊಬ್ಬರು ಕಾಫಿಯ ಲೋಟವನ್ನು ಹಿಂದಕ್ಕೆ ತಳ್ಳಿ, 'ನಂಗೆ ಶುಗರ್ ಐತೆ ಕಣಪ್ಪ, ಬೆಲ್ಲದ್ದಿದ್ರೆ ಕೊಡು' ಎಂದರು. ರೋಗದ ಹೆಸರು ಸಕ್ಕರೆಯಾದ ಮೇಲೆ ಬೆಲ್ಲ ನಿರಪರಾಧಿ!

ನಗು ಇಲ್ಲಿಗೆ ಸಾಕು. 'ಗ್ಯಾಸ್ಟ್ರಿಕ್' ಎಂಬ ಪದದ ವಿಷಯ ಹೇಳಬೇಕಾಗಿದೆ. ಇಂಗ್ಲಿಷಿನಲ್ಲಿ ಅದು ಜಠರಕ್ಕೆ ಸಂಬಂಧಿಸಿದ್ದು ಎನ್ನುವ ಬರಿಯ ವಿಶೇಷಣ. ನಮ್ಮಲ್ಲಿ ಅದೊಂದು ರೋಗ. ಅದಕ್ಕೆ ಗುಳಿಗೆಯಿದೆ, ನೀರಿಗೆ ಹಾಕಿದರೆ ನೊರೆಯೇಳುವ ಪುಡಿಯಿದೆ, ಸೋಡಾ ಇದೆ. ಚನ್ನಪಟ್ಟಣದಲ್ಲಿ ನಾನು ಬಾಡಿಗೆಗಿದ್ದ ಬೀದಿಯಲ್ಲಿ ಬೊಂಬೆ ಮಾಡುವವರೊಬ್ಬರಿದ್ದರು. ಹಾಲೆಮರದ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಹತ್ತಿಸುವುದನ್ನು ನೋಡಲು ಸಂಜೆ ಅವರಲ್ಲಿ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಅವರು ಕೆಲಸ ಬಿಟ್ಟು ಎದ್ದು ಬಂದು, 'ಗ್ಯಾಸ್ಟ್ರಿಕ್ಕು' ಎಂದು ಹೇಳಿ, ಪುಡಿ ಕುಡಿದು ಮಲಗಿದರು. ಅಂಗಡಿಯಲ್ಲಿ ಮಗ 'ಗ್ಯಾಸ್ಟ್ರಿಕ್' ಎಂದೇ ಕೇಳಿ ಗುಳಿಗೆ ತಂದ. ಮಧ್ಯಾಹ್ನದ ಹೊತ್ತಿಗೆ ಅವರು ಇರಲಿಲ್ಲ. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅವರ ಮನೆಯಾಕೆ ನನ್ನೊಡನೆ ಹೇಳಿದ ಮಾತು ಹೀಗಿತ್ತು: 'ಮೇಷ್ಟ್ರೇ, ಮೊದ್ಲು ಅವ್ರು ಗ್ಯಾಸ್ಟ್ರಿಕ್ ಅನ್ಲಿಲ್ಲ. ಎದೆ ಮೇಲೆ ಯಾರೋ ಕೂತಂಗೈತೆ ಅಂದ್ರು. ಆಮೇಲೆ ಗ್ಯಾಸ್ಟ್ರಿಕ್ಕೇ ಇರ್ಬೇಕು ಅಂದ್ರು.'

ಮೊದಲ ಮಾತು ಸಾಕ್ಷಿ. ಎರಡನೆಯದು ತೀರ್ಪು. ಸಾಕ್ಷಿಯನ್ನು ಕೇಳಿಸಿಕೊಂಡವರು ಆಸ್ಪತ್ರೆಗೆ ಓಡುತ್ತಿದ್ದರು. ತೀರ್ಪು ಬಂದದ್ದರಿಂದ ಅಂಗಡಿಗೆ ಹೋದರು. ಹೃದಯದ ಕೆಳಗೋಡೆಗೆ ರಕ್ತ ಹರಿಯದೆ ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಉರಿಯಂತೆಯೋ ವಾಯುವಿನಂತೆಯೋ ಕಾಣಿಸಬಹುದು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಬೆವರು, ಏದುಸಿರು, ಸುಸ್ತು ಕಾಣಬಹುದು. ಬೆವರು ಕಿತ್ತು ಬಂದರೆ, ಎಡತೋಳಿಗೋ ದವಡೆಗೋ ನೋವು ಹಬ್ಬಿದರೆ, ಪುಡಿ ಕಲಸುತ್ತ ಕೂರುವ ಹೊತ್ತಲ್ಲ ಅದು. 108ಕ್ಕೆ ಕರೆ ಮಾಡುವ ಹೊತ್ತು.

ಇಲ್ಲಿ ವೈದ್ಯಶಾಸ್ತ್ರದ ಚರಿತ್ರೆಯ ಒಂದು ಸಂಗತಿ ನೆನಪಾಗುತ್ತದೆ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ತನ್ನ ರೋಗಿಗಳ ಎದೆಯ ಒಂದು ಬಗೆಯ ನೋವನ್ನು ವೈದ್ಯರ ಸಭೆಯಲ್ಲಿ ವಿವರಿಸಿದ. ಎದೆಬಡಿತವನ್ನು ಬರೆದುಕೊಳ್ಳುವ ಯಂತ್ರ ಅವನಲ್ಲಿರಲಿಲ್ಲ. ಸ್ಟೆತಸ್ಕೋಪು ಕೂಡ ಆಗಿನ್ನೂ ಹುಟ್ಟಿರಲಿಲ್ಲ. ಇದ್ದದ್ದು ರೋಗಿಗಳ ಮಾತು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಬರುತ್ತದೆ, ನಿಂತರೆ ಹೋಗುತ್ತದೆ, ಉಸಿರು ಕಟ್ಟಿದಂತೆ, ಕತ್ತು ಹಿಸುಕಿದಂತೆ. ಆ ಹಿಸುಕುವಿಕೆಯ ಲ್ಯಾಟಿನ್ ಪದವೇ 'ಆಂಜೈನಾ'. ಇಂದು ಎಲ್ಲ ವೈದ್ಯರೂ ಬಳಸುವ ಆ ಘನವಾದ ಹೆಸರಿನ ಒಡಲಲ್ಲಿ ರೋಗಿಯ ಕ್ರಿಯಾಪದವಿದೆ. 'ಎದೆ ಹಿಂಡುತ್ತದೆ', 'ಎದೆ ಹಿಡಿದುಕೊಂಡೈತೆ' ಎನ್ನುವ ಮಾಗಡಿಯ ಅಜ್ಜಿ ಹೆಬರ್ಡನ್ನನ ರೋಗಿಗಳಷ್ಟೇ ಚೆನ್ನಾಗಿ ಹೇಳುತ್ತಾಳೆ.

ಹೇಳುತ್ತಾಳೆ, ಸರಿ, ಕೇಳಿಸಿಕೊಳ್ಳುವವರು? ತಪ್ಪನ್ನೆಲ್ಲ ರೋಗಿಯ ಬಾಯಿಗೆ ಕಟ್ಟುವುದು ಅನ್ಯಾಯ. ಮಾಗಡಿಗೆ ಹೊಂದಿಕೊಂಡೇ ಇರುವ ತುಮಕೂರು ಜಿಲ್ಲೆಯಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಒಂದು ಸಮೀಕ್ಷೆ ನಡೆಸಿದ್ದರು. 1959ರಲ್ಲಿ ಆರಂಭವಾದ ಸಂಸ್ಥೆ ಅದು; ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಆ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ತಮ್ಮ ರೋಗದ ಅರಿವೇ ಇರುವುದಿಲ್ಲ, ಹುಡುಕಿಕೊಂಡು ಹೋಗಿ ತಿಳಿಸಬೇಕು ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ. ಕಂಡದ್ದು ಬೇರೆ. ಕ್ಷಯವಿದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮು ಬಿಡುತ್ತಿಲ್ಲವೆಂದು ಹೇಳಿಕೊಂಡಿದ್ದರು. ಕೆಮ್ಮಿನ ಔಷಧದ ಶೀಷೆ ಹಿಡಿದು ಮರಳಿದ್ದರು. ದೇಶದ ಕ್ಷಯ ನಿಯಂತ್ರಣದ ಯೋಜನೆಯನ್ನು ಸಾಮಾನ್ಯ ಆಸ್ಪತ್ರೆಗಳೊಡನೆಯೇ ಕೂಡಿಸಬೇಕೆಂಬ ವಿಚಾರಕ್ಕೆ ಬಲ ಕೊಟ್ಟ ಅಧ್ಯಯನಗಳಲ್ಲಿ ಇದು ಮುಖ್ಯವಾದದ್ದು. ನಮ್ಮ ಭಾಷೆಯ ವಿದ್ಯಾರ್ಥಿಗಳೂ ಇದನ್ನು ಓದಬೇಕೆಂದು ನನಗನ್ನಿಸುತ್ತದೆ. ಆಡಿದ ಮಾತು ಸ್ಪಷ್ಟವಾಗಿದ್ದೂ ಗುರಿ ಮುಟ್ಟದೆ ಹೋದ ಕಥೆಯದು.

ಇಂಗ್ಲಿಷ್ ಪದಗಳೆಲ್ಲ ಕೆಡುಕಿನವೆಂದು ನಾನು ವಾದಿಸಲಾರೆ. ಕೆಲವು ಕಡೆ ಅವು ಕರುಣೆಯ ಕೆಲಸ ಮಾಡಿವೆ. 'ಹೊರಗಾಗಿದ್ದಾಳೆ' ಎಂದರೆ ಹುಡುಗಿ ನಿಜವಾಗಿಯೂ ಮನೆಯ ಹೊರಗೆ ಕೂರಬೇಕಿತ್ತು. 'ಪೀರಿಯಡ್ಸ್' ಎಂದವಳು ಒಳಗೇ ಇದ್ದು, ಪುಸ್ತಕ ಹಿಡಿದು ಕಾಲೇಜಿಗೂ ಹೊರಡುತ್ತಾಳೆ. 'ಹುಚ್ಚು' ಎಂಬ ಒಂದೇ ಕಲ್ಲನ್ನು ಎಲ್ಲರ ಮೇಲೂ ಬೀಸುತ್ತಿದ್ದ ನಾವು 'ಡಿಪ್ರೆಶನ್' ಎಂದಾಗ ಕೈಯನ್ನು ಸ್ವಲ್ಪ ಕೆಳಗಿಳಿಸಿದ್ದೇವೆ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆದಾಗ ಆ ಹೆಸರೂ ಬೈಗುಳವಾಯಿತು ಎಂಬುದನ್ನು ಮರೆಯಬಾರದು. ಪದ ಹೊಸದಾದ ಮಾತ್ರಕ್ಕೆ ನಾಲಿಗೆ ಹೊಸದಾಗುವುದಿಲ್ಲ. ಆದರೂ ನಾಚಿಕೆಯ ಬಾಗಿಲಿಗೆ ಪರಭಾಷೆಯ ಬೀಗದಕೈ ಕೆಲವೊಮ್ಮೆ ಸುಲಭವಾಗಿ ಹೊಂದುತ್ತದೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಅದೇ ಬಾಗಿಲನ್ನು ಕನ್ನಡದ ಕೈಯಿಂದಲೇ ತೆರೆದರು. ಅವರ 'ತಾಯಿ ಮಗು', 'ದಾಂಪತ್ಯ ದೀಪಿಕೆ'ಗಳನ್ನು ತವರಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದ ಹೆಂಗಸರನ್ನು ಈ ಊರುಗಳಲ್ಲಿ ನಾನು ಬಲ್ಲೆ.

ಪರಭಾಷೆಯ ಹೆಸರು ಅರ್ಥವಾಗದೆ ಬಂದರೆ ಏನಾಗುತ್ತದೆಂಬುದಕ್ಕೆ 2006ರ ಬೇಸಗೆ ಮಳೆಗಾಲಗಳು ಸಾಕು. ಆ ವರ್ಷ ಕರ್ನಾಟಕದಲ್ಲಿ ಚಿಕೂನ್‌ಗುನ್ಯ ಹಬ್ಬಿತು. ಜನ ಕಿವಿಗೆ ಬಿದ್ದಂತೆ ಅದನ್ನು 'ಚಿಕನ್ ಗುನ್ಯ' ಎಂದರು. ಅದೇ ವರ್ಷದ ಆರಂಭದಲ್ಲಿ ಮಹಾರಾಷ್ಟ್ರದಲ್ಲಿ ಕೋಳಿಜ್ವರ ಕಂಡಿದ್ದೂ ಸೇರಿ ಕೋಳಿ ತಿನ್ನುವುದನ್ನು ಬಿಟ್ಟವರು ಹಲವರು. ನೀರು ತುಂಬಿದ ತೊಟ್ಟಿಯೂ ಅದರ ಸೊಳ್ಳೆಯೂ ಹಾಗೆಯೇ ಉಳಿದವು. ಆ ಪದ ಬಂದದ್ದು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯಿಂದ. ಮೈಯನ್ನು ಬಗ್ಗಿಸಿ ಮುರುಟಿಸುವುದು ಎಂದು ಅದರ ಅರ್ಥ. ಕೀಲು ಹಿಡಿದು, ಗೋಡೆ ಹಿಡಿದು, ಬಗ್ಗಿಕೊಂಡೇ ನಡೆದ ನಮ್ಮವರಿಗೆ ಆ ಅರ್ಥವನ್ನು ಯಾರಾದರೂ ಹೇಳಿದ್ದರೆ, ಆಫ್ರಿಕದ ಹಳ್ಳಿಗರು ತಮ್ಮ ಮಾತನ್ನೇ ಆಡಿದ್ದಾರೆಂದು ತಿಳಿಯುತ್ತಿತ್ತು. 1957ರಲ್ಲಿ ಮಲೆನಾಡಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೆ ಜ್ವರ ಬಂದಾಗ ನಮ್ಮವರು ಇಟ್ಟ ಹೆಸರು 'ಮಂಗನ ಕಾಯಿಲೆ'. ಸತ್ತ ಮಂಗ ಕಂಡರೆ ಆ ಕಡೆ ಹೋಗಬೇಡ ಎಂಬ ಎಚ್ಚರಿಕೆ ಆ ಹೆಸರಿನಲ್ಲೇ ಇದೆ.

ಈಗ ಈ ಎರಡು ಮಾತುಗಳ ನಡುವೆ ದಿನವೂ ಓಡಾಡುವವರು ಆಶಾ ಕಾರ್ಯಕರ್ತೆಯರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು; ಕನ್ನಡದಲ್ಲಿ ಅದೃಷ್ಟವಶಾತ್ ಅದಕ್ಕೊಂದು ಒಳ್ಳೆಯ ಅರ್ಥವೂ ದೊರಕಿತು. ಮಾಗಡಿಯ ಕಡೆಯ ಒಂದು ಹಳ್ಳಿಯಲ್ಲಿ ಅಂಥ ಒಬ್ಬಾಕೆಯ ಪುಸ್ತಕವನ್ನು ನಾನು ನೋಡಿದ್ದೇನೆ. ಮುಂದಿನ ಪುಟಗಳಲ್ಲಿ ಕೋಷ್ಟಕಗಳು: ಬಿ.ಪಿ., ಶುಗರ್, ಎಚ್.ಬಿ., ತಾರೀಖು, ಸಹಿ. ಹಿಂದಿನಿಂದ ತಿರುವಿದರೆ ಆಕೆಯದೇ ಕೈಬರಹದಲ್ಲಿ ಮನೆಮನೆಯ ಮಾತು: 'ಮೆಟ್ಲು ಹತ್ತಿದ್ರೆ ಎದೆ ಕಟ್ತದೆ', 'ರಾತ್ರಿ ಬೆವರ್ತದೆ, ಬೆಳಿಗ್ಗೆ ಕೆಮ್ತಾರೆ', 'ಕಾಲು ಮರಗಟ್ಟೈತೆ, ಚಪ್ಲಿ ಬಿದ್ದಿದ್ದು ಗೊತ್ತಾಗಲ್ಲ'. ಡಾಕ್ಟರಮ್ಮನವರು ಬಂದ ದಿನ ಹಿಂದಿನ ಪುಟಗಳನ್ನೂ ಓದಿ ಹೇಳುತ್ತಾಳಂತೆ. ಒಂದು ಸಾಲಿನ ಮುಂದೆ ಮಾತ್ರ ಪ್ರಶ್ನಾರ್ಥಕ ಚಿಹ್ನೆಯಿತ್ತು. ಮಗನನ್ನು ಕಳೆದುಕೊಂಡ ಮುದುಕಿಯೊಬ್ಬಳ ಮಾತಂತೆ ಅದು: 'ಒಳಗೆ ಬರಿದು ಬರಿದಾಗ್ತದೆ'. ಇದನ್ನು ಯಾವ ಕಾಲಮ್ಮಿಗೆ ಹಾಕಲಿ ಸಾರ್ ಎಂದು ಆಕೆ ನನ್ನನ್ನು ಕೇಳಿದಳು. ಹಾಕಬೇಡಿ, ಹಾಗೆಯೇ ಓದಿ ಹೇಳಿ ಎಂದೆ.